‘ಒಳ್ಳೆಯವಳು’ ಎನಿಸಿಕೊಳ್ಳುವ ಹಂಬಲ ಬಿಟ್ಟ ಮೇಲೆ

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನ್ನನ್ನು ಪರಿಚಯಿಸುವಾಗ ನಿಮ್ಮ ಸಂಘದವರು, “ಮೇಡಂ ಎಂ.ಎ. ಓದಿದವರು, 36 ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವರು, ಯಾರಿಗೂ ಹೆದರದವರು” ಎಂದರು. ಮೊದಲಿನ ಎರಡು ಮಾತು ನಿಜ. ಮೂರನೆಯದು ನಿಜವಲ್ಲ. ಅರವತ್ತು ದಾಟುವವರೆಗೂ ನಾನು ಹೆದರಿಕೊಂಡೇ ಬದುಕಿದವಳು. ಹೊಡೆತಕ್ಕೆ ಹೆದರಿದ್ದಲ್ಲ, ನನ್ನ ಮೇಲೆ ಯಾರೂ ಕೈ ಮಾಡಿಲ್ಲ. ಯಾರಿಗೆ ಬೇಸರವಾಗುತ್ತದೋ, ಯಾರು ಏನೆಂದುಕೊಳ್ಳುತ್ತಾರೋ ಎನ್ನುವ ಹೆದರಿಕೆ. ಗಂಡಸಿನಲ್ಲಿ ಈ ಹೆದರಿಕೆ ಕಂಡರೆ ಪುಕ್ಕಲ ಎನ್ನುತ್ತಾರೆ. ಹೆಣ್ಣಿನಲ್ಲಿ ಕಂಡರೆ ಒಳ್ಳೆಯ ಗುಣ ಎನ್ನುತ್ತಾರೆ.

ಈ ಒಳ್ಳೆಯ ಗುಣದಿಂದ ನಾನು ಏನು ಕಳೆದುಕೊಂಡೆ ಎಂದು ಹೇಳುತ್ತೇನೆ. 1980ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮುಗಿಸಿದೆ. 1982ರಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಮದುವೆ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದಿತ್ತು. ಆದರೂ ‘ವರೋಪಚಾರ’ ಎಂಬ ಹೆಸರಿನಲ್ಲಿ ನಮ್ಮಪ್ಪ ಗದ್ದೆ ಅಡವಿಟ್ಟು ಹಣ ಕೊಟ್ಟರು. ಕೈತುಂಬ ಸಂಬಳ ತರುವ ಹುಡುಗಿ ನಾನು, ಒಂದು ಮಾತೂ ಆಡಲಿಲ್ಲ. ಆಮೇಲೆ ಪ್ರತಿ ತಿಂಗಳೂ ಬ್ಯಾಂಕಿನ ಚೀಟಿಗೆ ಸಹಿ ಮಾಡಿ ಸಂಬಳ ಪೂರ್ತಿ ಯಜಮಾನರ ಕೈಗೆ ಕೊಟ್ಟು, ಬಸ್ ಚಾರ್ಜಿಗೆ ಅವರನ್ನೇ ಕೇಳುತ್ತಿದ್ದೆ. ಅವರು ಕಿತ್ತುಕೊಳ್ಳಲಿಲ್ಲ, ನಾನೇ ಕೊಟ್ಟೆ. ಅತ್ತೆಯವರು ನೆಂಟರ ಮುಂದೆ, “ನಮ್ಮ ಸೊಸೆ ಎಷ್ಟು ಓದಿದ್ದರೂ ಎದುರಾಡೋಳಲ್ಲ” ಎಂದಾಗ ನನಗೆ ಹೆಮ್ಮೆಯಾಗುತ್ತಿತ್ತು.

ನನಗಷ್ಟೇ ನಷ್ಟವಾಗಿದ್ದರೆ ಈ ಕತೆ ಹೇಳುತ್ತಿರಲಿಲ್ಲ. 1996ರ ಸುಮಾರಿಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೊನೆಯ ವರ್ಷದ ಬಿ.ಎ., ನಡುವೆಯೇ ಮದುವೆಯಾಗಿತ್ತು. ಗಂಡನಿಗೆ ಸ್ಕೂಟರ್ ಕೊಡಿಸುವವರೆಗೆ ಪರೀಕ್ಷೆಗೆ ಕಳಿಸುವುದಿಲ್ಲ ಎನ್ನುತ್ತಾರೆ ಮಿಸ್ ಎಂದಳು. ತೋಳಿನ ಮೇಲೆ ಗುರುತಿತ್ತು. ಅವಳ ಮಾವ ಊರಿನ ದೊಡ್ಡ ಮನುಷ್ಯ, ಆಡಳಿತ ಮಂಡಳಿಯವರಿಗೆ ಬೇಕಾದವನು. ನಾನು ಅವಳನ್ನು ಕೂರಿಸಲೂ ಇಲ್ಲ. “ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಎಲ್ಲರ ಮನೆಯಲ್ಲೂ ಇದ್ದದ್ದೇ” ಎಂದೆ. ಅವಳು ತಲೆಯಾಡಿಸಿ ಹೋದಳು, ಮತ್ತೆ ಬರಲಿಲ್ಲ. ಪರೀಕ್ಷೆಯ ದಿನ ಅವಳ ಜಾಗ ಖಾಲಿ ಇತ್ತು. ಅವಳು ಏನಾದಳು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ವಿಚಾರಿಸುವ ಧೈರ್ಯವೂ ನನಗಿರಲಿಲ್ಲ. ಹೆಂಡತಿಯ ಮೇಲಿನ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಂ ನನ್ನ ಮದುವೆಯಾದ 1983ರಲ್ಲೇ ಬಂದಿತ್ತು. ಅದನ್ನೂ ನಾನು ತಿಳಿದುಕೊಂಡಿರಲಿಲ್ಲ.

ಅದೇ ಹೊತ್ತಿನಲ್ಲಿ ತರಗತಿಯಲ್ಲಿ ಏನು ಪಾಠ ಮಾಡುತ್ತಿದ್ದೆ ಗೊತ್ತೇ? ನಂಜನಗೂಡು ತಿರುಮಲಾಂಬ ಅವರ ಬಗ್ಗೆ. ಬಾಲವಿಧವೆಯಾದರೂ ಕಾದಂಬರಿ ಬರೆದು, ‘ಸತೀ ಹಿತೈಷಿಣೀ’ ಗ್ರಂಥಮಾಲೆ ಕಟ್ಟಿ, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದ ಹೆಣ್ಣುಮಗಳು ಅವರು. ಅವರ ಧೈರ್ಯವನ್ನು ಹತ್ತು ಅಂಕದ ಪ್ರಶ್ನೆ ಮಾಡಿ ಕೇಳಿದೆನೇ ಹೊರತು ನನ್ನ ಬದುಕಿಗೆ ತಂದುಕೊಳ್ಳಲಿಲ್ಲ.

2018ರಲ್ಲಿ ನಿವೃತ್ತಳಾದೆ. ಮೇಡಂಗೆ ಈಗ ಬಿಡುವು ಎಂದು ಎಲ್ಲರೂ ತಲೆಗೊಂದು ಕೆಲಸ ಹಚ್ಚಿದರು. ಬೆಂಗಳೂರಿನಲ್ಲಿ ಮೊಮ್ಮಗುವನ್ನು ನೋಡಿಕೊಳ್ಳುವುದು, ನೆಂಟರ ಮನೆಯ ಸಮಾರಂಭಕ್ಕೆ ಎರಡು ದಿನ ಮೊದಲೇ ಹೋಗಿ ದುಡಿಯುವುದು. ಎಲ್ಲದಕ್ಕೂ ಹೂಂ ಎಂದೆ. 2022ರಲ್ಲಿ ಒಂದು ದಿನ ಪತ್ರಿಕೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕಟಣೆ ನೋಡಿದೆ. ಅರೆಕಾನೂನು ಸ್ವಯಂಸೇವಕರು ಬೇಕು, ನಿವೃತ್ತ ಶಿಕ್ಷಕರೂ ಅರ್ಜಿ ಹಾಕಬಹುದು ಎಂದಿತ್ತು. ತರಬೇತಿ ಅವರೇ ಕೊಡುತ್ತಾರೆ. ವಕೀಲಿಕೆಯಲ್ಲ. ಕಷ್ಟದಲ್ಲಿರುವವರಿಗೆ ಹಕ್ಕು ತಿಳಿಸುವುದು, ಅರ್ಜಿ ಬರೆದುಕೊಡುವುದು, ಸರಿಯಾದ ಕಚೇರಿಗೆ ಕರೆದೊಯ್ಯುವುದು. ಕೆಲಸ ಮಾಡಿದ ದಿನಕ್ಕೆ ಒಂದಿಷ್ಟು ಗೌರವಧನ.

ಓದಿದ ಕೂಡಲೇ ನನಗೆ ಆ ಹುಡುಗಿ ನೆನಪಾದಳು. ಅರ್ಜಿ ತುಂಬಿದೆ. ತುಂಬಿ ಹತ್ತು ದಿನ ಅಡಿಗೆಮನೆಯ ಡಬ್ಬದ ಕೆಳಗೆ ಇಟ್ಟೆ. 64 ವರ್ಷದ ಮುದುಕಿಗೆ ಪೊಲೀಸ್ ಸ್ಟೇಷನ್ನಿನಲ್ಲಿ ಯಾರು ಬೆಲೆ ಕೊಡುತ್ತಾರೆ? ತಪ್ಪು ಸಲಹೆ ಕೊಟ್ಟು ಯಾರದಾದರೂ ಸಂಸಾರ ಹಾಳಾದರೆ? ಯಜಮಾನರು, “ಪೆನ್ಷನ್ ಬರ್ತಾ ಇದೆ, ಕೋರ್ಟು ಕಚೇರಿ ಅಲೆಯೋ ಹಣೆಬರಹ ಯಾಕೆ?” ಎಂದರು. ಮಗಳು ಫೋನಿನಲ್ಲಿ, “ಅಮ್ಮ, ಹಾಗಾದ್ರೆ ಮಗೂನ ಯಾರು ನೋಡ್ಕೋತಾರೆ?” ಎಂದಳು. ದುಡಿಯುವ ಹೆಣ್ಣಿನ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಕೊಡಬೇಕಾದವಳು ನಾನೊಬ್ಬಳೇ ಅಲ್ಲವಲ್ಲ? “ತಿಂಗಳಿಗೊಂದು ವಾರ ಬರ್ತೀನಿ ಕಣೇ. ಉಳಿದದ್ದನ್ನ ನೀನೂ ಅಳಿಯಂದಿರೂ ಹಂಚಿಕೊಳ್ಳಿ” ಎಂದೆ. ಎರಡು ವಾರ ಅವಳು ಫೋನ್ ಮಾಡಲಿಲ್ಲ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಅರ್ಜಿ ಕೊಟ್ಟೆ. ಕೊಟ್ಟದ್ದು ಧೈರ್ಯ ಬಂದ ಮೇಲಲ್ಲ, ಹೆದರಿಕೆ ಇದ್ದಾಗಲೇ.

ತರಬೇತಿಯಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಓದಿಸಿದರು. ಹೊಡೆಯುವುದು, ಬೈಯುವುದು ಮಾತ್ರವಲ್ಲ, ಹೆಂಗಸಿಗೆ ಸೇರಬೇಕಾದ ಹಣವನ್ನು, ಸ್ತ್ರೀಧನವನ್ನು ಅವಳಿಗೆ ತಪ್ಪಿಸುವುದೂ ಆರ್ಥಿಕ ದೌರ್ಜನ್ಯ ಎಂದು ಅಲ್ಲಿ ಬರೆದಿದೆ. ನನ್ನ ಪೆನ್ನು ಅಲ್ಲೇ ನಿಂತಿತು.

ಮೊದಲು ನನ್ನ ಮುಂದೆ ಕುಳಿತವಳು ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಸಾಕುವ ಹೆಂಗಸು. ತವರಿನಿಂದ ಹಣ ತರಲಿಲ್ಲವೆಂದು ಮನೆಯಿಂದ ಹೊರಹಾಕಿದ್ದರು. ಅವಳು ಕೇಳಿದ ಮೊದಲ ಮಾತು ಮನೆಯದಲ್ಲ, ಹಣದ್ದಲ್ಲ. “ನಾನು ಕಂಪ್ಲೇಂಟ್ ಕೊಟ್ರೆ ಜನ ಏನಂತಾರೆ ಮೇಡಂ?” ಎಂದಳು. ಏಳನೇ ಕ್ಲಾಸು ಓದಿದ ಅವಳನ್ನೂ ಎಂ.ಎ. ಓದಿದ ನನ್ನನ್ನೂ ಕಟ್ಟಿಹಾಕಿದ್ದು ಒಂದೇ ಹಗ್ಗ. ಆಮೇಲೆ ಅವಳು ಕೇಳಿದ ಒಂದು ಕಾನೂನಿನ ಪ್ರಶ್ನೆಗೆ ನನಗೆ ಉತ್ತರ ಹೊಳೆಯಲಿಲ್ಲ. “ಗೊತ್ತಿಲ್ಲಮ್ಮ, ಕೇಳಿಕೊಂಡು ಬಂದು ಹೇಳ್ತೀನಿ” ಎಂದೆ. 36 ವರ್ಷ ತರಗತಿಯಲ್ಲಿ ಒಮ್ಮೆಯೂ ಆಡದ ಮಾತು. ಆಡಿದರೆ ಮರ್ಯಾದೆ ಹೋಗುತ್ತದೆ ಎಂದುಕೊಂಡಿದ್ದೆ. ಅವಳಿಗೆ ನನ್ನ ಮೇಲೆ ನಂಬಿಕೆ ಹೆಚ್ಚಾಯಿತು. ಸಂರಕ್ಷಣಾಧಿಕಾರಿಯ ಬಳಿಗೆ ಇಬ್ಬರೂ ಹೋದೆವು. ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳಿದರೂ ಹಲವು ತಿಂಗಳು ಅಲೆದೆವು. ಕೊನೆಗೆ ಅದೇ ಮನೆಯಲ್ಲಿ ವಾಸಿಸಲು ಆದೇಶ ಸಿಕ್ಕಿತು. ಅವಳ ಹೊಲಿಗೆ ಯಂತ್ರ ಈಗ ಆ ಮನೆಯ ಮುಂದಿನ ಕೋಣೆಯಲ್ಲಿದೆ.

ಇದಿಷ್ಟು ನೆನಪಿಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದಕ್ಕೆ 15100 ಸಂಖ್ಯೆಗೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮನೆ ಗಂಡನ ಹೆಸರಿನಲ್ಲಿದ್ದರೂ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗಿದೆ. ಹಳೆಯ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ಹೆಸರು ಬದಲಾಗಿದೆ, ಅಪರಾಧ ಅಪರಾಧವೇ.

ಈಗ ನಿಮ್ಮನ್ನೊಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಂಘದ ಸಾಲ ನಿಮ್ಮ ಹೆಸರಿನಲ್ಲಿದೆ. ಹಣ ಯಾರ ಕೈಯಲ್ಲಿದೆ? ವಾರ ವಾರ ಕಂತು ಕಟ್ಟುವವರು ನೀವು. ಖರ್ಚು ಮಾಡಿದವರು ಯಾರು? ಜನ ಏನಂತಾರೋ ಎಂದು ಸಾಲ ತೆಗೆದು ಮಗಳ ವರದಕ್ಷಿಣೆಗೆ ಕೊಟ್ಟವರು ಇಲ್ಲಿ ಯಾರೂ ಇಲ್ಲವೇ? ನಮ್ಮಪ್ಪನ ಗದ್ದೆಯೂ ಹಾಗೆಯೇ ಹೋಯಿತು.

‘ಇಲ್ಲ’ ಎನ್ನುವುದನ್ನು ಸಣ್ಣದರಿಂದ ಕಲಿಯಿರಿ. ಯಾರು ಏನು ಕೇಳಿದರೂ ಕೂಡಲೇ ಹೂಂ ಎನ್ನದೆ, “ಯೋಚನೆ ಮಾಡಿ ಹೇಳ್ತೀನಿ” ಎನ್ನಿ. ನಾನು ಶುರು ಮಾಡಿದ್ದು ಅಲ್ಲಿಂದಲೇ. ಆದರೆ ಹೊಡೆತ ಬೀಳುವ ಮನೆಯಲ್ಲಿರುವವರು ಒಬ್ಬರೇ ಎದುರು ನಿಲ್ಲಬೇಡಿ. ಅದು ಅಪಾಯ. ಮೊದಲು ಸಂಘಕ್ಕೆ ತಿಳಿಸಿ. ಸಂಘದವರೂ “ಹೊಂದಿಕೊಂಡು ಹೋಗು” ಎಂದು ವಾಪಸು ಕಳಿಸಬೇಡಿ. ಇಪ್ಪತ್ತು ಜನ ಜೊತೆಗೆ ನಿಂತರೆ ಅವಳ ‘ಇಲ್ಲ’ಕ್ಕೆ ಬಲ ಬರುತ್ತದೆ.

ಈಗ ನನಗೆ 67. ವಾರಕ್ಕೆರಡು ದಿನ ಕಾನೂನು ನೆರವು ಕೇಂದ್ರದಲ್ಲಿ ಕೂರುತ್ತೇನೆ. ಮಗಳು ಕೋಪ ಬಿಟ್ಟಿದ್ದಾಳೆ. ಕೆಲವು ನೆಂಟರು ಬಿಟ್ಟಿಲ್ಲ, “ರಿಟೈರಾದ ಮೇಲೆ ಕೆಟ್ಟಳು” ಎನ್ನುತ್ತಾರಂತೆ. ಅನ್ನಲಿ. ಸ್ಟೇಷನ್ ಮೆಟ್ಟಿಲು ಹತ್ತುವಾಗ ಎದೆ ಈಗಲೂ ಡವಡವ ಎನ್ನುತ್ತದೆ, ಆದರೂ ಹತ್ತುತ್ತೇನೆ. ನನ್ನ ಮೇಜಿನ ಎದುರು ಯಾವಾಗಲೂ ಒಂದು ಖಾಲಿ ಕುರ್ಚಿ ಇಟ್ಟಿರುತ್ತೇನೆ. ಬಾಗಿಲಲ್ಲಿ ಯಾವ ಹುಡುಗಿ ಬಂದು ನಿಂತರೂ ನಾನು ಮೊದಲು ಹೇಳುವ ಮಾತು ಒಂದೇ: “ಬಾಮ್ಮ, ಕೂತ್ಕೋ. ಏನಾಯ್ತು ಹೇಳು.”