ಎಚ್ಚರಿಕೆಯ ಚೀಟಿ ಯಾರಿಗಾಗಿ?

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)

 

ನಾನು ವೈದ್ಯಳಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೂ ಇಂದು ಒಂದು ಔಷಧಿಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಏಕೆಂದರೆ ಆ ಔಷಧಿಯ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಅದು ಔಷಧಿಯ ತಪ್ಪಲ್ಲ, ಭಾಷೆಯ ತಪ್ಪು.

ಕೆಲವು ವರ್ಷಗಳ ಹಿಂದಿನ ಮಾತು. ಪೋಷಕರ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ ಬಾಗಿಲಲ್ಲಿ ನಿಂತರು. ಕೈಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದು, "ಆಪಾ, ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಿ" ಎಂದರು. ಅದು ಗರ್ಭನಿರೋಧಕ ಮಾತ್ರೆಯ ಪೊಟ್ಟಣದಲ್ಲಿದ್ದ ಮಾಹಿತಿ ಚೀಟಿ. ಎಲ್ಲವೂ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ. ಮಧ್ಯದಲ್ಲಿ ಚೌಕಟ್ಟು ಹಾಕಿದ ಒಂದು ಎಚ್ಚರಿಕೆ: ಧೂಮಪಾನ ಮಾಡುವ, 35 ವರ್ಷ ದಾಟಿದ ಮಹಿಳೆಯರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು ಎಂದು. ನಾನು ಅವಸರದಲ್ಲಿ ಉರ್ದುವಿನಲ್ಲಿ ಹೇಳಿದೆ. ಹೇಳುವಾಗ "ಧೂಮಪಾನ" ಎಂಬ ಜಾಗದಲ್ಲಿ "ತಂಬಾಕು" ಎಂದುಬಿಟ್ಟೆ.

ಆ ತಾಯಿಗೆ 36 ವರ್ಷ. ಅವರು ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುತ್ತಿದ್ದರು. "ಹಾಗಾದರೆ ನನ್ನ ಎದೆಗೆ ಇದು ಆಗುವುದಿಲ್ಲ" ಎಂದು ಅಂದೇ ಮಾತ್ರೆ ಬಿಟ್ಟರು. ವೈದ್ಯರನ್ನು ಕೇಳಲಿಲ್ಲ, ಬೇರೆ ವಿಧಾನ ಹಿಡಿಯಲಿಲ್ಲ. ಕೇಳಿ ಎಂದು ನಾನೂ ಹೇಳಲಿಲ್ಲ. ನಾಲ್ಕೈದು ತಿಂಗಳ ನಂತರ ಮಗಳು ಶಾಲೆಗೆ ಬರುವುದು ನಿಂತಿತು. ಮನೆಗೆ ಹೋಗಿ ನೋಡಿದರೆ ತಾಯಿ ಐದನೆಯ ಸಲ ಗರ್ಭಿಣಿ, ರಕ್ತಹೀನತೆಯಿಂದ ಹಾಸಿಗೆ ಹಿಡಿದಿದ್ದರು. ಮಗಳು ಒಲೆಯ ಮುಂದೆ ಇದ್ದಳು. ಆ ಹುಡುಗಿಗೆ ಒಂದು ವರ್ಷ ಹೋಯಿತು. ಮುಂದೆ ಮತ್ತೆ ಸೇರಿ ಎಸ್.ಎಸ್.ಎಲ್.ಸಿ. ಮುಗಿಸಿದಳು ಎಂಬುದೊಂದೇ ನನಗೆ ಸಮಾಧಾನ.

ಮಾತ್ರೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ಗಂಡ ಹೆಂಡತಿ ತಮ್ಮ ಮನಸ್ಸಾಕ್ಷಿಗೆ ಅನುಗುಣವಾಗಿ, ವೈದ್ಯರನ್ನು ಕೇಳಿ ತೀರ್ಮಾನಿಸುವ ವಿಷಯ. ಅದು ಇಂದಿನ ನನ್ನ ವಿಷಯವಲ್ಲ. ಒಂದು ಎಚ್ಚರಿಕೆಯನ್ನು ಯಾರಿಗೆ, ಹೇಗೆ ಹೇಳಬೇಕು ಎಂಬುದಷ್ಟೇ ನನ್ನ ವಿಷಯ. ಆ ಘಟನೆಯ ನಂತರ ಈ ಚೌಕಟ್ಟಿನ ಎಚ್ಚರಿಕೆ ಎಲ್ಲಿಂದ ಬಂತು ಎಂದು ಹುಡುಕಿ ಓದಿದೆ. ಅದರ ಹಿಂದೆ ಒಂದು ದೊಡ್ಡ ವಾದವೇ ಇದೆ.

1960ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎನೋವಿಡ್ ಎಂಬ ಮಾತ್ರೆಯನ್ನು ಗರ್ಭನಿರೋಧಕವಾಗಿ ಬಳಸಲು ಒಪ್ಪಿಗೆ ಕೊಟ್ಟಿತು. ಲಕ್ಷಾಂತರ ಮಹಿಳೆಯರು ಅದನ್ನು ನುಂಗತೊಡಗಿದರು. ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿದ ಸುದ್ದಿಗಳೂ ಬರತೊಡಗಿದವು. 1969ರಲ್ಲಿ ಬಾರ್ಬರಾ ಸೀಮನ್ ಎಂಬ ಪತ್ರಕರ್ತೆ ಈ ಅಪಾಯಗಳ ಬಗ್ಗೆ ಪುಸ್ತಕವನ್ನೇ ಬರೆದರು. ಅದರ ಪ್ರಭಾವದಿಂದ 1970ರ ಜನವರಿಯಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ಆರಂಭವಾಯಿತು. ವೈದ್ಯರು, ವಿಜ್ಞಾನಿಗಳು ಬಂದು ಸಾಕ್ಷ್ಯ ನುಡಿದರು. ಆದರೆ ಮಾತ್ರೆ ನುಂಗಿದ ಒಬ್ಬ ಮಹಿಳೆಯನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಸಭಿಕರ ನಡುವೆ ಕುಳಿತಿದ್ದ ಆಲಿಸ್ ವುಲ್ಫ್‌ಸನ್ ಮತ್ತು ಅವರ ಗೆಳತಿಯರು ಎದ್ದು ನಿಂತು, ಈ ಅಪಾಯಗಳನ್ನು ನಮಗೆ ಏಕೆ ಹೇಳಲಿಲ್ಲ ಎಂದು ಕೇಳಿದರು.

ಆ ಪ್ರಶ್ನೆಯ ಫಲವಾಗಿ ಪೊಟ್ಟಣದೊಳಗೆ ಚೀಟಿ ಇಡುವುದೆಂದು ತೀರ್ಮಾನವಾಯಿತು. ಮೊದಲ ಕರಡು ಸುಮಾರು 600 ಪದಗಳದ್ದು. ವೈದ್ಯರ ಸಂಘಗಳೂ ತಯಾರಕರೂ ಆಕ್ಷೇಪಿಸಿದ ಮೇಲೆ ಕೊನೆಗೆ ಉಳಿದದ್ದು ಸುಮಾರು 100 ಪದ. ಧೂಮಪಾನದ ಮಾತು ಅದರಲ್ಲಿ ಇರಲಿಲ್ಲ.

ಆ ಮಾತು ಬಂದದ್ದು ನಂತರದ ಅಧ್ಯಯನಗಳಿಂದ. ಬ್ರಿಟನ್ನಿನಲ್ಲಿ 1968ರಲ್ಲಿ ಸುಮಾರು 1,400 ವೈದ್ಯರು 46,000 ಮಹಿಳೆಯರ ಆರೋಗ್ಯವನ್ನು ಗಮನಿಸತೊಡಗಿದರು. ಅರ್ಧದಷ್ಟು ಜನ ಮಾತ್ರೆ ತೆಗೆದುಕೊಳ್ಳುವವರು, ಅರ್ಧದಷ್ಟು ಜನ ತೆಗೆದುಕೊಳ್ಳದವರು. 1976ರ ಸುಮಾರಿಗೆ ಅನ್ರುದ್ಧ ಜೈನ್ ಎಂಬ ಸಂಶೋಧಕರು ನ್ಯೂಯಾರ್ಕಿನ ಪಾಪ್ಯುಲೇಶನ್ ಕೌನ್ಸಿಲ್‌ನಲ್ಲಿದ್ದು, ಮಾತ್ರೆ, ಸಿಗರೇಟು ಮತ್ತು ಹೃದಯಾಘಾತ ಈ ಮೂರರ ಸಂಬಂಧವನ್ನು ಲೆಕ್ಕಹಾಕಿ ಪ್ರಕಟಿಸಿದರು. ಬ್ರಿಟನ್ನಿನ ಫಲಿತಾಂಶ 1977ರಲ್ಲಿ ಬಂತು. ಎರಡೂ ಒಂದೇ ಕಡೆ ಬೆರಳು ತೋರಿಸಿದವು: ಅಪಾಯ ಎಲ್ಲರಿಗೂ ಒಂದೇ ಅಲ್ಲ, ವಯಸ್ಸಾದಂತೆ ಮತ್ತು ಸಿಗರೇಟು ಸೇದಿದಂತೆ ಅದು ಏರುತ್ತದೆ.

ಕಾರಣ ಸರಳ. ಮಾತ್ರೆಯಲ್ಲಿರುವ ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತ ಹೆಪ್ಪುಗಟ್ಟುವ ಗುಣವನ್ನು ಸ್ವಲ್ಪ ಹೆಚ್ಚಿಸುತ್ತದೆ. ಹೊಗೆ ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ರಕ್ತದ ಕಣಗಳು ಒಂದಕ್ಕೊಂದು ಅಂಟುವಂತೆ ಮಾಡುತ್ತದೆ. ವಯಸ್ಸು ನಾಳವನ್ನು ಕಿರಿದು ಮಾಡುತ್ತದೆ. ಮೂರೂ ಸೇರಿದಾಗ ಹೃದಯದ ಅಥವಾ ಮೆದುಳಿನ ನಾಳ ಕಟ್ಟಿಕೊಳ್ಳಬಹುದು.

1978ರಲ್ಲಿ ಅಮೆರಿಕದಲ್ಲಿ ಚೌಕಟ್ಟಿನ ಎಚ್ಚರಿಕೆ ಕಡ್ಡಾಯವಾಯಿತು. 35 ವರ್ಷ ದಾಟಿದವರಲ್ಲಿ, ದಿನಕ್ಕೆ 15 ಅಥವಾ ಹೆಚ್ಚು ಸಿಗರೇಟು ಸೇದುವವರಲ್ಲಿ ಅಪಾಯ ಹೆಚ್ಚೆಂದು ಅದು ಹೇಳಿತು.

ಈಗ ವಾದದ ಎರಡು ಪಕ್ಷಗಳನ್ನು ನೋಡೋಣ. ಒಂದು ಪಕ್ಷ ಹೇಳಿತು: ಚೀಟಿ ಓದಿ ಹೆಂಗಸರು ಹೆದರುತ್ತಾರೆ, ಮಾತ್ರೆ ಬಿಡುತ್ತಾರೆ, ಬೇಡದ ಗರ್ಭಗಳು ಹೆಚ್ಚುತ್ತವೆ, ವೈದ್ಯ ಮತ್ತು ರೋಗಿಯ ನಡುವೆ ಕಾಗದ ಬರಬಾರದು. ಇನ್ನೊಂದು ಪಕ್ಷ ಹೇಳಿತು: ನುಂಗುವವಳು ಅವಳು, ಅಪಾಯ ಅವಳದು, ಆದ್ದರಿಂದ ತಿಳಿಯುವ ಹಕ್ಕೂ ಅವಳದು.

ಮೊದಲ ಪಕ್ಷದ ಮಾತನ್ನು ನಾನು ತಳ್ಳಿಹಾಕಲಾರೆ. ನನ್ನ ಕಣ್ಣ ಮುಂದೆಯೇ ಅದು ನಡೆದಿದೆ. ದೊಡ್ಡ ಪ್ರಮಾಣದಲ್ಲಿಯೂ ನಡೆದಿದೆ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಕೆಲವು ಹೊಸ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯವಕ್ಕಿಂತ ಸುಮಾರು ಎರಡರಷ್ಟು ಎಂದು ಎಚ್ಚರಿಸಿತು. ಸುದ್ದಿ ಹರಡಿತು, ಅನೇಕರು ಮಾತ್ರೆ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳ ಸಂಖ್ಯೆ ಏರಿತು. "ಎರಡರಷ್ಟು" ಎಂದರೆ ನಿಜದಲ್ಲಿ ಎಷ್ಟು? ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗುತ್ತದೆ ಎಂದಷ್ಟೇ. ಗರ್ಭಿಣಿಯಾದರೆ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯಿಂದ ಬರುವುದಕ್ಕಿಂತಲೂ ಹೆಚ್ಚು ಎಂಬುದು ಆ ಗದ್ದಲದಲ್ಲಿ ಮರೆತುಹೋಯಿತು.

ವಿದ್ಯಾರ್ಥಿಗಳೇ, ಗಣಿತ ಏಕೆ ಕಲಿಯಬೇಕು ಎಂದು ಕೇಳುತ್ತೀರಲ್ಲ, ಇಲ್ಲಿದೆ ಉತ್ತರ. 1977ರ ಬ್ರಿಟಿಷ್ ಅಧ್ಯಯನವನ್ನೇ ತೆಗೆದುಕೊಳ್ಳಿ. ಮಾತ್ರೆ ಬಳಸಿದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಬಳಸದವರ ಐದು ಪಟ್ಟು ಎಂದು ಅದು ಹೇಳಿತು. ಅದೇ ಅಧ್ಯಯನ, ಹೆಚ್ಚುವರಿ ಸಾವು ವರ್ಷಕ್ಕೆ 5,000 ಮಹಿಳೆಯರಲ್ಲಿ ಒಂದು ಎಂದೂ ಹೇಳಿತು. ಎರಡೂ ಸತ್ಯ. ಒಂದನ್ನು ಕೇಳಿದರೆ ಎದೆ ಒಡೆಯುತ್ತದೆ, ಇನ್ನೊಂದನ್ನು ಕೇಳಿದರೆ ಯೋಚಿಸಲು ಸಾಧ್ಯವಾಗುತ್ತದೆ. ಅದೇ ಮಹಿಳೆಯರನ್ನು ದಶಕಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮಾತ್ರೆ ಬಳಸಿದವರ ಒಟ್ಟು ಸಾವಿನ ಪ್ರಮಾಣ ಬಳಸದವರಿಗಿಂತ ಕಡಿಮೆಯೇ ಇತ್ತು.

ಹಾಗೆಂದು ಎಚ್ಚರಿಕೆ ಬೇಡವೇ? ಖಂಡಿತ ಬೇಕು. ಸಿಗರೇಟು ಸೇದುವ, 35 ದಾಟಿದ ಮಹಿಳೆಗೆ ಅದು ಜೀವ ಉಳಿಸುವ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ, 35 ಅಥವಾ ಹೆಚ್ಚಿನ ವಯಸ್ಸಿನವರು ದಿನಕ್ಕೆ 15 ಅಥವಾ ಹೆಚ್ಚು ಸಿಗರೇಟು ಸೇದುತ್ತಿದ್ದರೆ ಈಸ್ಟ್ರೋಜನ್ ಇರುವ ಮಾತ್ರೆಯನ್ನು ಕೊಡಲೇಬಾರದು. ಅದಕ್ಕಿಂತ ಕಡಿಮೆ ಸೇದಿದರೂ ಸಾಮಾನ್ಯವಾಗಿ ಕೊಡುವುದಿಲ್ಲ. ಮಾತ್ರೆಯಲ್ಲಿನ ಹಾರ್ಮೋನಿನ ಪ್ರಮಾಣ ಮೊದಲಿಗಿಂತ ಬಹಳ ಇಳಿದಿದ್ದರೂ ಈ ಎಚ್ಚರಿಕೆ ಹೋಗಿಲ್ಲ.

ಭಾಷೆಯ ಶಿಕ್ಷಕಿಯಾಗಿ ನಾನು ಇನ್ನೊಂದನ್ನು ಗಮನಿಸಿದೆ. 1978ರ ಎಚ್ಚರಿಕೆ, ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಡಬೇಕು ಎಂದು ಸಲಹೆ ಕೊಟ್ಟಿತು. ಈಗಿನ ಅಮೆರಿಕದ ಎಚ್ಚರಿಕೆ, 35 ದಾಟಿ ಸಿಗರೇಟು ಸೇದುವವರು ಮಾತ್ರೆ ಬಳಸಬಾರದು ಎನ್ನುತ್ತದೆ. ಒಂದು ವಾಕ್ಯ ಬಿಡಲು ಹೇಳಿದ್ದು ಸಿಗರೇಟನ್ನು, ಇನ್ನೊಂದು ಬಿಡಲು ಹೇಳಿದ್ದು ಮಾತ್ರೆಯನ್ನು. ವಾಕ್ಯದಲ್ಲಿ ಕರ್ಮಪದ ಬದಲಾದರೆ ಮನೆಯಲ್ಲಿ ನಡೆಯುವ ಕೆಲಸವೇ ಬದಲಾಗುತ್ತದೆ.

ಈಗ ನಮ್ಮ ಊರಿಗೆ ಬರೋಣ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಮಾತ್ರೆಯಲ್ಲೂ ಈಸ್ಟ್ರೋಜನ್ ಇದೆ. ಆದರೆ ನಮ್ಮ ದೇಶದ ಹೆಂಗಸರ ತಂಬಾಕು ಬೇರೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಧೂಮಪಾನ ಮಾಡುವವರು ಶೇ. 2, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 12.8. ಅಮೆರಿಕದ ಮಹಿಳೆಗಾಗಿ ಬರೆದ ವಾಕ್ಯ ಕಡ್ಡಿಪುಡಿ ಹಾಕುವ ನಮ್ಮ ತಾಯಿಯ ಕೈಗೆ ಬಂದಾಗ, ಅದನ್ನು ಬಿಡಿಸಿ ಹೇಳುವವರು ಬೇಕು. ಎಚ್ಚರಿಕೆಯಲ್ಲಿರುವುದು ಹೊಗೆ ಸೇದುವ ಮಾತು. ಕಡ್ಡಿಪುಡಿ ನಿರಪಾಯ ಎಂದು ಇದರ ಅರ್ಥವಲ್ಲ. ಅದು ಬಾಯಿಯ ಕ್ಯಾನ್ಸರ್ ತರುತ್ತದೆ. ಅದರಲ್ಲಿರುವ ನಿಕೋಟಿನ್ ರಕ್ತದೊತ್ತಡವನ್ನು ಏರಿಸುತ್ತದೆ, ಮತ್ತು ರಕ್ತದೊತ್ತಡ ಹೆಚ್ಚಿದ್ದರೆ ಈ ಮಾತ್ರೆ ಕೊಡುವುದಿಲ್ಲ. ಆದ್ದರಿಂದ ನಾನು ಅಂದು ಹೇಳಬೇಕಿದ್ದದ್ದು ಇಷ್ಟು: "ಮಾತ್ರೆ ನಿಲ್ಲಿಸಬೇಡಿ. ನಾಳೆಯೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ. ನೋಡಿಸಿ, ಕಡ್ಡಿಪುಡಿಯ ವಿಷಯ ಮುಚ್ಚಿಡದೆ ಹೇಳಿ. ಇದು ಬೇಡವೆಂದರೆ ಕಾಪರ್-ಟಿ, ಛಾಯಾ ಮಾತ್ರೆಯಂಥ ಈಸ್ಟ್ರೋಜನ್ ಇಲ್ಲದ ದಾರಿಗಳಿವೆ. ಇನ್ನೊಂದು ದಾರಿ ಹಿಡಿದ ಮೇಲೆಯೇ ಇದನ್ನು ಬಿಡಿ. ಕಾಲು ಬಾತು ನೋವು ಬಂದರೆ, ಎದೆನೋವು, ಉಸಿರಾಟದ ತೊಂದರೆ, ಹಠಾತ್ ತೀವ್ರ ತಲೆನೋವು ಬಂದರೆ ಮಾತ್ರ ಕಾಯದೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡಿ."

ಹೇಳಲು ಎರಡು ನಿಮಿಷವೂ ಬೇಕಿರಲಿಲ್ಲ. ಆ ಎರಡು ನಿಮಿಷಕ್ಕೆ ಬೇಕಾದ ತಿಳಿವಳಿಕೆ ಬಿ.ಇಡಿ. ಮುಗಿಸಿದ ನನ್ನಲ್ಲಿ ಇರಲಿಲ್ಲ.

ಬೀಡಿ ಸಿಗರೇಟಿನ ಪೊಟ್ಟಣದ ಮೇಲೆ 2009ರಿಂದ ಚಿತ್ರದ ಎಚ್ಚರಿಕೆ ಇದೆ. ಅಕ್ಷರ ಬಾರದವನಿಗೂ ಅದು ಮುಟ್ಟುತ್ತದೆ. ಮಾತ್ರೆಯ ಚೀಟಿಗೆ ಆ ಭಾಗ್ಯ ಇಲ್ಲ. ಅದಕ್ಕೆ ಓದುವವರೇ ಚಿತ್ರವಾಗಬೇಕು, ಓದುವವರೇ ದನಿಯಾಗಬೇಕು.

ಅದಕ್ಕಾಗಿ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ನಾವು ವಿದ್ಯಾರ್ಥಿವೇತನ ಕೊಡುತ್ತೇವೆ, ಬಹುಮಾನ ಹಂಚುತ್ತೇವೆ. ವರ್ಷಕ್ಕೆ ಎರಡು ಸಲ ತಾಯಂದಿರಿಗಾಗಿ ಒಬ್ಬ ವೈದ್ಯೆಯನ್ನು ಕರೆಸೋಣ. ಪ್ರಶ್ನೆಗಳು ಉರ್ದುವಿನಲ್ಲಿ, ಕನ್ನಡದಲ್ಲಿ, ಬ್ಯಾರಿಯಲ್ಲಿ, ಯಾವ ಭಾಷೆಯಲ್ಲಿ ಬಂದರೂ ಉತ್ತರ ಅದೇ ಭಾಷೆಯಲ್ಲಿ ಸಿಗಲಿ. ಗಂಡಸರಿಗೂ ಒಂದು ಮಾತು. ಹೆಂಡತಿ ಯಾವ ಮಾತ್ರೆ ನುಂಗುತ್ತಿದ್ದಾಳೆ ಎಂದು ತಿಳಿದಿರಿ. ಚೀಟಿಯಲ್ಲಿರುವುದು ಸೇದುವ ಹೆಂಗಸಿನ ಮಾತು ನಿಜ. ಆದರೆ ನೀವು ಮನೆಯೊಳಗೆ ಬಿಡುವ ಹೊಗೆ ಅವಳ ಮತ್ತು ಮಕ್ಕಳ ಎದೆಗೂ ಹೋಗುತ್ತದೆ.

ವಿದ್ಯಾರ್ಥಿನಿಯರೇ, ನಾಳೆ ನಿಮ್ಮ ಕೈಗೂ ಯಾರಾದರೂ ಒಂದು ಚೀಟಿ ಕೊಟ್ಟು ಓದಿ ಹೇಳು ಎನ್ನುತ್ತಾರೆ. ಆಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಎಚ್ಚರಿಕೆ ಯಾರಿಗೆ? ಅಪಾಯ ಎಷ್ಟು? ಈಗ ಮಾಡಬೇಕಾದದ್ದು ಏನು? ಮೂರಕ್ಕೂ ಉತ್ತರ ಸಿಕ್ಕರೆ ಹೇಳಿ. ಒಂದಕ್ಕೆ ಸಿಗದಿದ್ದರೂ "ನನಗೆ ಗೊತ್ತಿಲ್ಲ, ಬನ್ನಿ, ಗೊತ್ತಿರುವವರ ಹತ್ತಿರ ಹೋಗೋಣ" ಎಂದು ಅವರ ಜೊತೆ ಹೊರಡಿ. ಓದು ಬಂದವರ ಬಳಿ ಓದು ಬಾರದವರ ವಿಶ್ವಾಸ ಒಂದು ಅಮಾನತು. ಅಂದು ಆ ತಾಯಿ ನನ್ನ ಬಳಿ ಇಟ್ಟ ಅಮಾನತನ್ನು ನಾನು ಸರಿಯಾಗಿ ಕಾಪಾಡಲಿಲ್ಲ. ನೀವು ಕಾಪಾಡಿ.