ದುಡಿದ ವರ್ಷಗಳು ಎಲ್ಲಿ ಹೋದವು?

(ಯಲಹಂಕದ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿನಲ್ಲಿ ವಾಯುಪಡೆಯ ನೆಲೆಯೂ ಇದೆ, ರೈಲು ಗಾಲಿ ಕಾರ್ಖಾನೆಯೂ ಇದೆ. ಸೈನ್ಯದ ಸಮವಸ್ತ್ರ ಕಳಚಿ ಸರ್ಕಾರಿ ನೌಕರಿ ಹಿಡಿದವರು ಇಂಥ ಕಡೆ ಅಪರೂಪವಲ್ಲ. ಸೈನ್ಯದಲ್ಲಿ ಅವರು ದುಡಿದ ವರ್ಷಗಳು ಪಿಂಚಣಿಯ ಲೆಕ್ಕಕ್ಕೆ ಬರುತ್ತವೆಯೇ? ಈ ಹೊತ್ತು ನಾವು ಕೇಳುವ ಪ್ರಶ್ನೆ ಇದೇ.

ನಾವು ಮೇಷ್ಟ್ರಾಗಿದ್ದವರು, ಲೆಕ್ಕ ಬಿಡಿಸಿಯೇ ಹೇಳುತ್ತೇವೆ. ಸಿಪಾಯಿಗೆ ಸೈನ್ಯದ ಪಿಂಚಣಿ ಬರಬೇಕಾದರೆ 15 ವರ್ಷ ತುಂಬಬೇಕು. ಕೇಂದ್ರದ ಸಿವಿಲ್ ನೌಕರನಿಗೆ ಹಳೆಯ ಪದ್ಧತಿಯಲ್ಲಿ 10 ವರ್ಷ. ಒಬ್ಬನು ಸೈನ್ಯದಲ್ಲಿ 6 ವರ್ಷ, ಆಮೇಲೆ ಅಂಚೆ ಕಚೇರಿಯಲ್ಲಿ 8 ವರ್ಷ ದುಡಿದನೆನ್ನಿ. ಬಿಡಿಬಿಡಿಯಾಗಿ ನೋಡಿದರೆ ಎರಡು ಕಡೆಯೂ ಸೊನ್ನೆ. ಕೂಡಿಸಿದರೆ 14! ಹೀಗೆ ಕೂಡಿಸಲು 1972ರ ಕೇಂದ್ರ ಪಿಂಚಣಿ ನಿಯಮಗಳ 19ನೆಯ ನಿಯಮ ಅವಕಾಶ ಕೊಟ್ಟಿತ್ತು. ಸೈನ್ಯದಿಂದ ಪಡೆದ ಗ್ರಾಚುಯಿಟಿಯನ್ನು 36 ಕಂತುಗಳೊಳಗೆ ಹಿಂದಕ್ಕೆ ಕಟ್ಟಿದರೆ ಆ ವರ್ಷಗಳು ಸಿವಿಲ್ ಸೇವೆಗೆ ಸೇರುತ್ತಿದ್ದವು.

2004ರ ಜನವರಿ 1ರಿಂದ ಕೇಂದ್ರದಲ್ಲಿ, 2006ರ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ, ಹೊಸದಾಗಿ ಸೇರಿದ ಸಿವಿಲ್ ನೌಕರರಿಗೆ ಹೊಸ ಪಿಂಚಣಿ ಪದ್ಧತಿ ಬಂತು. ನೌಕರನ ವಂತಿಗೆ, ಸರ್ಕಾರದ ವಂತಿಗೆ, ಮೇಲೆ ಪೇಟೆಯ ಏರಿಳಿತ. ಖಾತೆಯಲ್ಲಿ ಹಣದ ಲೆಕ್ಕವುಂಟು, ವರ್ಷಗಳ ಲೆಕ್ಕವಿಲ್ಲ. ಹಾಗಿರುವಾಗ ಸೈನ್ಯದ ವರ್ಷಗಳನ್ನು ಯಾವುದಕ್ಕೆ ಕೂಡಿಸುವುದು?

2022ರಲ್ಲಿ ಅಗ್ನಿಪಥ ಬಂತು. 4 ವರ್ಷದ ಸೇವೆ; ನೂರಕ್ಕೆ 25 ಜನರವರೆಗೆ ಮಾತ್ರ ಖಾಯಂ. ಉಳಿದವರ ಕೈಗೆ ಸುಮಾರು 11.71 ಲಕ್ಷ ರೂಪಾಯಿಯ ಗಂಟು. ಅದರಲ್ಲಿ ಅರ್ಧ ಅವರದೇ ಸಂಬಳದಲ್ಲಿ ಹಿಡಿದದ್ದು. ಪಿಂಚಣಿಯಿಲ್ಲ, ಗ್ರಾಚುಯಿಟಿಯೂ ಇಲ್ಲ.

"ಇದು ಸರ್ಕಾರಿ ನೌಕರರ ಗೋಳು, ನಮಗೇನು?" ಎಂದು ಗಿರಣಿಯ ಅಣ್ಣಂದಿರು, ಅಂಗಡಿಯ ಯಜಮಾನರು ಕೇಳಬಹುದು. ಸೈನ್ಯಕ್ಕೆ ಹೋಗುವವರು ನಿಮ್ಮ ಮಕ್ಕಳೇ ಅಲ್ಲವೆ? ಕಾರ್ಮಿಕನ ಭವಿಷ್ಯನಿಧಿ ಪಿಂಚಣಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಸಣ್ಣ ವರ್ತಕರಿಗೆಂದು 2019ರಲ್ಲಿ ಹೊರಟ ಯೋಜನೆಯಲ್ಲಿ, ವಂತಿಗೆ ಕಟ್ಟಿದವನಿಗೆ 60 ತುಂಬಿದ ಮೇಲೆ 3,000. ಇದ್ದವರ ಹಕ್ಕೇ ಕಳಚಿಹೋದರೆ, ಇಲ್ಲದವರು ಯಾವುದನ್ನು ತೋರಿಸಿ ಕೇಳಬೇಕು?

ಪಿಂಚಣಿ ದೊರೆಯ ದಾನವಲ್ಲ, ದುಡಿದವನ ಹಕ್ಕು ಎಂದು 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2025ರ ಏಪ್ರಿಲ್ 1ರಿಂದ ಕೇಂದ್ರ ನೌಕರರ ಆಯ್ಕೆಗೆ ಬಿಟ್ಟ ಏಕೀಕೃತ ಪಿಂಚಣಿ ಮತ್ತೆ ವರ್ಷಗಳನ್ನು ಎಣಿಸುತ್ತದೆ: 25 ವರ್ಷಕ್ಕೆ ಮೂಲವೇತನದ ಅರ್ಧ. ಹಾಗಾದರೆ ನಮ್ಮ ಬೇಡಿಕೆ ಇಷ್ಟೇ: ಎಣಿಸುವುದಾದರೆ ಗಡಿಯಲ್ಲಿ ಕಳೆದ ವರ್ಷಗಳನ್ನೂ ಎಣಿಸಿರಿ, ಅಗ್ನಿವೀರನ ಆ 4 ವರ್ಷವನ್ನೂ ಸೇರಿಸಿ. ರಾಜ್ಯ ಸರ್ಕಾರವೂ ಹಾಗೆಯೇ ಮಾಡಲಿ.

ಕೂಡುವ ಲೆಕ್ಕ ಮೂರನೆಯ ತರಗತಿಯ ಹುಡುಗನಿಗೂ ಗೊತ್ತು. ಸರ್ಕಾರಕ್ಕೆ ಮರೆತಿದ್ದರೆ ನಾವೆಲ್ಲ ಕೂಡಿ ಕಲಿಸೋಣ.