ಎರಡು ಸಾಲಿನ ಉಪಕಾರಸ್ಮರಣೆ

ಕಳೆದ ಚಳಿಗಾಲದ ಒಂದು ಸಂಜೆ ಕರ್ಕಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ಅಮೆರಿಕದಿಂದ ತಂಗಿಯ ಮಗಳು ಫೋನು ಮಾಡಿದಳು. "ಮಾವ, ನನಗೊಂದು ಕಾಗದ ಬರೆದುಕೊಡಬೇಕು. ಇಂಗ್ಲಿಷಿಗೆ ನಾನೇ ತಿರುಗಿಸಿಕೊಳ್ಳುತ್ತೇನೆ" ಎಂದಳು. ಊರಿನ ಬಿನ್ನವತ್ತಳೆಗಳನ್ನೆಲ್ಲ ಬರೆದವನೆಂಬ ಕೀರ್ತಿ ನನಗಿದೆಯಷ್ಟೆ!

ಅವಳು ಇಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಲ್ಲಿ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿದ್ದು ಪಡೆಯುವ ತಜ್ಞ ಶಿಕ್ಷಣಕ್ಕೆ, ಅರ್ಜಿ ಹಾಕಿದ್ದಳು. ನಮ್ಮಲ್ಲಿ ಸ್ನಾತಕೋತ್ತರ ವೈದ್ಯಕೀಯ ಪ್ರವೇಶವು ನೀಟ್ ಪರೀಕ್ಷೆಯ ಶ್ರೇಣಿಯಿಂದ ನಿರ್ಧಾರವಾಗುತ್ತದೆ; ಸಂದರ್ಶನವೆಂಬುದಿಲ್ಲ. ಅಲ್ಲಿ ಹಾಗಲ್ಲ. ಆಸ್ಪತ್ರೆಯವರು ಅಭ್ಯರ್ಥಿಯನ್ನು ಕರೆದು ಮಾತನಾಡಿಸುತ್ತಾರೆ. 2020ರ ಈಚೆಗೆ ಇದು ಬಹುಮಟ್ಟಿಗೆ ತೆರೆಯ ಮೇಲೆಯೇ ನಡೆಯುತ್ತದೆ. ಬಳಿಕ ಇಬ್ಬರೂ ತಮ್ಮ ತಮ್ಮ ಇಷ್ಟದ ಕ್ರಮದಲ್ಲಿ ಪಟ್ಟಿ ಕೊಡುತ್ತಾರೆ. ಎರಡನ್ನೂ ಹೊಂದಿಸಿ ಮಾರ್ಚ್ ತಿಂಗಳಲ್ಲಿ ಫಲಿತಾಂಶ ಸಾರುತ್ತಾರೆ. 1952ರಿಂದ ನಡೆದುಬಂದ ವ್ಯವಸ್ಥೆಯಿದು. ಸಂದರ್ಶನವಾದ ಒಂದೆರಡು ದಿನಗಳಲ್ಲಿ ಸಂದರ್ಶಕರಿಗೆ ಕೃತಜ್ಞತೆಯ ಪತ್ರ ಬರೆಯುವುದು ಅಲ್ಲಿ ಹಲವರ ವಾಡಿಕೆ.

ನಾನು ಉತ್ಸಾಹದಿಂದ ಒಂದು ಪುಟ ಬರೆದೆ. ಓದಿ ನೋಡಿದರೆ, ಯಾವ ಹೆಸರು ಹಾಕಿದರೂ ಒಪ್ಪುವ ಸನ್ಮಾನಪತ್ರ! ಹರಿದುಹಾಕಿ, "ಅಲ್ಲಿ ನಡೆದ ಮಾತೇನು, ಹೇಳು" ಎಂದೆ. ಒಬ್ಬ ಹಿರಿಯ ವೈದ್ಯರು, ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ತಿಳಿಸುವ ಮೊದಲು ತಾವು ಕುರ್ಚಿ ಎಳೆದು ಕುಳಿತುಕೊಳ್ಳುವುದಾಗಿ ಹೇಳಿದ್ದರಂತೆ. "ಅದು ನಿನ್ನ ಮನಸ್ಸಿನಲ್ಲಿ ಉಳಿಯಿತೆಂದು ಬರೆ. ಎರಡು ಸಾಲು ಸಾಕು" ಎಂದೆ.

ಕೃತಜ್ಞನೆಂದರೆ ಮಾಡಿದ್ದನ್ನು ಬಲ್ಲವನು. ಕೃತಘ್ನನೆಂದರೆ ಮಾಡಿದ್ದನ್ನು ಕೊಂದವನು. ಏನು ಮಾಡಿದರೆಂಬುದನ್ನೇ ಹೇಳದ ಪತ್ರದಲ್ಲಿ ಕೃತಜ್ಞತೆ ಎಲ್ಲಿಂದ ಬರಬೇಕು?

ಅವಳು ಅಳುಕುತ್ತ ಮತ್ತೊಂದು ಕೇಳಿದಳು: "ನನ್ನ ಪಟ್ಟಿಯಲ್ಲಿ ನಿಮ್ಮದೇ ಮೊದಲು ಎಂದು ಎಲ್ಲರಿಗೂ ಬರೆಯಲೇ, ಮಾವ?" ಪಟ್ಟಿಯ ಕ್ರಮವನ್ನು ತಿಳಿಸೆಂದು ಒಬ್ಬರು ಇನ್ನೊಬ್ಬರನ್ನು ಕೇಳಬಾರದೆಂಬುದು ಅಲ್ಲಿಯ ನಿಯಮ; ತಾವಾಗಿ ಹೇಳಿದರೂ ಆ ಮಾತು ಯಾರನ್ನೂ ಕಟ್ಟಿಹಾಕದು. ಅಭ್ಯರ್ಥಿಯು ತನ್ನ ನಿಜವಾದ ಇಷ್ಟವನ್ನೇ ಬರೆದರೆ ಅವನಿಗೆ ನಷ್ಟವಾಗದಂತೆ 1990ರ ದಶಕದಲ್ಲಿ ಈ ಗಣಿತವನ್ನು ತಿದ್ದಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರು 2012ರಲ್ಲಿ ಲಾಯ್ಡ್ ಶೇಪ್ಲಿಯವರೊಡನೆ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಪಟ್ಟಿಯಲ್ಲಿ ಸತ್ಯಕ್ಕೆ ಇಷ್ಟು ಕಾವಲಿರುವಾಗ ಪತ್ರದಲ್ಲಿ ಸುಳ್ಳೇಕೆ? "ಬೇಡ" ಎಂದೆ. ಪತ್ರವೇ ಬೇಡವೆಂದು ಮೊದಲೇ ತಿಳಿಸುವ ಆಸ್ಪತ್ರೆಗಳೂ ಇವೆ. ಅಲ್ಲಿ ಬರೆಯದಿರುವುದೇ ಸೌಜನ್ಯ.

ಇಷ್ಟೆಲ್ಲ ಉಪದೇಶಿಸಿದ ನಾನು ಮಾಡಿದ್ದೇನು? 1983ರಲ್ಲಿ ಅಧ್ಯಾಪಕ ಹುದ್ದೆಯೊಂದರ ಸಂದರ್ಶನದಲ್ಲಿ ಪಂಪನ ವಿಷಯವಾಗಿ ತಪ್ಪು ಉತ್ತರ ಕೊಟ್ಟು ಹೊರಬಂದಿದ್ದೆ. ಸಮಿತಿಯಲ್ಲಿದ್ದ ವೃದ್ಧರೊಬ್ಬರು ಪಡಸಾಲೆಯವರೆಗೆ ಬಂದು, "ಉತ್ತರ ತಪ್ಪಿತು, ಆದರೆ ನಿಮ್ಮ ಓದು ಚೆನ್ನಾಗಿದೆ. ಹಳಗನ್ನಡ ಬಿಡಬೇಡಿ" ಎಂದರು. ಅವರಿಗೆ ಬರೆಯಲೆಂದು ಇನ್‌ಲ್ಯಾಂಡ್ ಪತ್ರ ತಂದೆ. ಆ ಕೆಲಸ ನನಗೆ ಸಿಗಲಿಲ್ಲ. ಸಿಗದ ಮೇಲೆ ಯಾವುದಕ್ಕೆ ಉಪಕಾರ ನೆನೆಯುವುದೆಂದು ಸುಮ್ಮನಾದೆ. ಬೇರೆಡೆ ಅಧ್ಯಾಪಕನಾಗಿ ಹಳಗನ್ನಡವನ್ನೇ ಪಾಠ ಹೇಳುತ್ತಿದ್ದ ದಿನಗಳಲ್ಲಿ ಅವರ ನಿಧನವಾರ್ತೆಯನ್ನು ಪತ್ರಿಕೆಯಲ್ಲಿ ಓದಿದೆ. ಬರೆಯದ ಆ ನೀಲಿ ಕಾಗದ ಇಂದಿಗೂ ನನ್ನ ಪುಸ್ತಕವೊಂದರ ನಡುವೆ ಇದೆ.

ಮಾರ್ಚಿನಲ್ಲಿ ಸೊಸೆಗೆ ಸ್ಥಾನ ಸಿಕ್ಕಿತು. ಆ ಕುರ್ಚಿಯ ವೈದ್ಯರ ಆಸ್ಪತ್ರೆಯಲ್ಲಲ್ಲ. "ಅವರಿಗೆ ಬರೆದದ್ದು ವ್ಯರ್ಥವಾಯಿತೇ?" ಎಂದು ಕೇಳಿದೆ. "ಇಲ್ಲ ಮಾವ, ನಾನೂ ಈಗ ಕುಳಿತೇ ಮಾತಾಡುವುದು" ಎಂದಳು.